ಮಲ್ಲಿಗೆಯ ಮೊಮ್ಮಗಳನ್ನು ಕಳಿಸಲಾರೆ

ಕೆಂಚಾರ್ಲಹಳ್ಳಿ
೯-೨-೧೯೬೪

ಗೌರಿಬಿದನೂರಿನ ನನ್ನ ಅಮ್ಮಾಜಕ್ಕನಿಗೆ ತಮ್ಮ ಚಲಪತಿ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ.

ಹದಿಮೂರು ವರ್ಷದ ಮೇಲೆ ನಿನ್ನ ಕಾಗದ ಬಂತು. ಅದರಲ್ಲೂ ನನ್ನ ಯೋಗಕ್ಷೇಮಕ್ಕಿಂತ ಮೊದಲು ಕುದುರೆಯದೇ ವಿಚಾರ. ನಗು ಬಂತು, ಆಮೇಲೆ ಅಳು ಬಂತು. ಲಾಯದಲ್ಲಿ ಉಳಿದಿರುವ ಒಂದೇ ಹೆಣ್ಣನ್ನು, ನಮ್ಮ ಬಿಳಿ ಮಲ್ಲಿಗೆಯ ಮೊಮ್ಮಗಳನ್ನು, ನನಗೆ ಕೊಡು, ತಾತ ತಂದ ಅರಬ್ಬಿ ತಳಿ ನಮ್ಮ ಕಾಲಕ್ಕೆ ಮುಗಿಯಬಾರದು ಎಂದಿದ್ದೀಯ. ಅಕ್ಕ, ಅದು ಮುಗಿದಿದೆ. ಮುಗಿಸಿದವನು ನಾನು.

ಅಪ್ಪನ ಕಟ್ಟುಪಾಡು ನಿನಗೆ ಗೊತ್ತಲ್ಲ. ಹೆಣ್ಣು ಕುದುರೆ ಮುರುಗಮಲ್ಲದ ದರ್ಗಾದವರೆಗೆ ಓಡಿ ವಾಪಸು ಬರಬೇಕು. ಅಪ್ಪ ಒಂದು ಸಲ ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ಅದರ ಏದುಸಿರು ಇಳಿಯಬೇಕು. ಆಮೇಲಷ್ಟೇ ಗಂಡಿನ ಹತ್ತಿರ ಬಿಡುವುದು. ಚಂದ ನೋಡುವುದು ಕಡೆಗೆ. "ನಮ್ಮ ಲಾಯದಲ್ಲಿ ಮುಖ ನೋಡಿ ಮಣೆ ಹಾಕಲ್ಲ" ಎನ್ನುತ್ತಿದ್ದರು.

ಆದರೆ ಮಲ್ಲಿಗೆಯ ಮುಖ ಅಂಥಾದ್ದು. ಅಗಲವಾದ ಹಣೆ, ಮೂಗಿನ ಮೇಲೆ ಆ ತಗ್ಗು, ಓಡುವಾಗ ಎತ್ತಿದ ಬಾಲ. ಅದನ್ನು ಓಡಿಸಿ ನೋಡುವ ದಿನ ನಾನು ಮುರುಗಮಲ್ಲಕ್ಕೆ ಹೋಗಲೇ ಇಲ್ಲ. ಎರಡು ಮೈಲಿಗೇ ಅದು ಏದುತ್ತಿತ್ತು. ಹುಣಸೆಮರದ ಕೆಳಗೆ ಕಟ್ಟಿ, ಮೈ ತೊಳೆದು, ಹೊತ್ತು ನೋಡಿಕೊಂಡು ಬಂದೆ. ನೀನು ಜೀನಿನ ಕೆಳಗೆ ಕೈ ಆಡಿಸಿ, "ಬೆವರೇ ಇಲ್ಲ ಕಣಪ್ಪ, ಇದು ಹೋಗೇ ಇಲ್ಲ" ಎಂದೆ. ನಾನು ನಿನ್ನನ್ನು ಸುಳ್ಳುಗಾತಿ ಎಂದೆ. ಅಪ್ಪ ನನ್ನ ಕಡೆಗೇ ನಿಂತರು. ಆ ದಾರಿಯಲ್ಲಿ ಮೂರು ಸಲ ಹೋಗಿ ಬಂದಿದ್ದ ಅದೇ ತಳಿಯ ನಿನ್ನ ಕೆಂಪಿಯನ್ನು, ರೂಪವಿಲ್ಲದ್ದು ಎಂದು ಮಾರಿದೆವು. ನೀನು ಅವತ್ತೇ ಗಂಡನ ಮನೆಗೆ ಹೊರಟುಬಿಟ್ಟೆ.

ಮಲ್ಲಿಗೆಯ ಸಂತಾನಕ್ಕೆ ಬೆಂಗಳೂರಿನ ಪ್ರದರ್ಶನಗಳಲ್ಲಿ ಬಹುಮಾನ ಬಂತು. ಅವುಗಳಲ್ಲಿ ಒಂದಾದರೂ ಎರಡು ಮೈಲಿಗಿಂತ ಹೆಚ್ಚು ಓಡಲಿಲ್ಲ. ಹೋದ ವಾರ ಕೆಂಪಿಯನ್ನು ಹುಡುಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅದನ್ನು ಕೊಂಡಿದ್ದ ಜಟಕಾ ಹೊಡೆಯುವ ರಾಮಾಂಜಿನಪ್ಪ, "ಸತ್ತು ಮೂರು ವರ್ಷ ಆಯ್ತು ಸ್ವಾಮಿ. ಕೊನೇವರೆಗೂ ರೇಷ್ಮೆಗೂಡಿನ ಮೂಟೆ ಎಳೀತು. ಹೊಟ್ಟೆಪಾಡು ನೋಡಿ, ಮರಿ ಹಾಕಿಸ್ಲಿಲ್ಲ" ಎಂದ. ಅವನ ಮುಂದೆಯೇ ಅತ್ತುಬಿಟ್ಟೆ.

ನಿನ್ನೆ ಮಲ್ಲಿಗೆಯ ಮೊಮ್ಮಗಳನ್ನು ನಾನೇ ಮುರುಗಮಲ್ಲದ ದಾರಿ ಹಿಡಿಸಿದೆ. ಎರಡನೆಯ ಮೈಲಿಗೆ ಮೊಣಕಾಲೂರಿತು. ನಡೆಸಿಕೊಂಡು ತಂದೆ, ಬದುಕಿದೆ. ಅದನ್ನು ನಿನಗೆ ಕಳಿಸುವುದಿಲ್ಲ, ಗಂಡಿನ ಹತ್ತಿರವೂ ಬಿಡುವುದಿಲ್ಲ. ಮುಖ ಅಜ್ಜಿಯದೇ. ನೋಡಿದರೆ ನೀನೂ ಸೋಲುತ್ತೀಯ.

ಕ್ಷಮಿಸು ಎಂದು ಕೇಳುವ ಮುಖ ಉಳಿದಿಲ್ಲ.

ನಿನ್ನ ತಮ್ಮ,
ಚಲಪತಿ

ತಾ.ಕ.: ಸಾಯುವುದಕ್ಕೆ ಎರಡು ದಿನ ಮುಂಚೆ ಅಪ್ಪ ನನ್ನನ್ನು ಕರೆದು, "ಅಮ್ಮಾಜಿ ಹೇಳಿದ್ದೇ ನಿಜ. ಅವತ್ತೇ ನಂಗೆ ಗೊತ್ತಿತ್ತು, ಗಂಡುಮಗನ ಮರ್ಯಾದೆ ಅಂತ ಸುಮ್ನಾದೆ. ಅವಳನ್ನ ಕರೆಸಪ್ಪ, ಒಂದು ಮಾತು ಹೇಳ್ಬೇಕು" ಎಂದರು. ತಂತಿ ಕೊಟ್ಟು ಬಂದೆ ಎಂದೆ. ಕೊಟ್ಟಿರಲಿಲ್ಲ. ಎರಡು ದಿನವೂ ಬಾಗಿಲ ಕಡೆಗೇ ನೋಡುತ್ತಿದ್ದರು.