ಬಿಚ್ಚದ ಹನ್ನೊಂದು ಗಂಟುಗಳು

ಸೋಮವಾರ, ಸಂಜೆ ಐದು ಗಂಟೆ. ಇಂದು ಊರಿನ ತಾಯಂದಿರೆಲ್ಲ ಸೇರಿ ಶಾಲೆ ತೊಳೆದೆವು. ತಿಂಗಳುಗಟ್ಟಲೆ ಮುಚ್ಚಿದ್ದ ಉಗ್ರಾಣ ತೆರೆದಾಗ ಕಿಟಕಿಯ ಕೆಳಗೆ ನಾನು ಕಟ್ಟಿದ ಹನ್ನೊಂದು ಕಟ್ಟುಗಳು ಕಂಡವು.

ಶಿಕ್ಷಣಾಧಿಕಾರಿಗಳೇ, ನನ್ನ ಮಗಳಿಗೆ ಕೊಟ್ಟ ಮಾತಿಗೆ ನೀವು ತಪ್ಪಿದ್ದೀರಿ. ಅದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಸೋಂಕು ನಮ್ಮ ಫಿಜಿಗೆ ಬಂದು ಶಾಲೆಗಳು ಮುಚ್ಚಿದಾಗ ಹದಿನೈದು ದಿನಕ್ಕೊಮ್ಮೆ ಪಾಠದ ಹಾಳೆ ಕಳಿಸಿದಿರಿ. ಪ್ರತಿ ಸಲವೂ ಕೊನೆಯ ಹಾಳೆಯಲ್ಲಿ ಒಂದೇ ಪ್ರಶ್ನೆ: ‘ಈ ದಿನಗಳಲ್ಲಿ ನನಗೆ ಹೇಗನ್ನಿಸಿತು?’ ಅದರ ಕೆಳಗೆ ನಿಮ್ಮ ಸೂಚನೆ: ಮಗು ಮನಸ್ಸು ಬಿಚ್ಚಿ ಬರೆಯಲಿ, ಪೋಷಕರು ಓದಬಾರದು, ನಾವೇ ಓದಿ ಅಗತ್ಯವಿದ್ದರೆ ಸಲಹೆಗಾರರನ್ನು ಕರೆದುಕೊಂಡು ಮನೆಗೆ ಬರುತ್ತೇವೆ. ನಾನು ಎಂಟನೇ ತರಗತಿ ಓದಿದವಳು. ದೊಡ್ಡವರು ಓದಬೇಡ ಎಂದರೆ ಓದುವುದಿಲ್ಲ. ನನ್ನ ಮಗಳು ಸಲಾನಿಯೆತಾ ಮಡಚಿ ಕೊಟ್ಟದ್ದನ್ನು ಮಡಚಿದ ಹಾಗೆಯೇ ಇಟ್ಟು, ಚಾಪೆ ಹೆಣೆದು ಉಳಿದ ಕೇದಗೆ ಎಲೆಯ ಸೀಳಿನಿಂದ ಕಟ್ಟಿ ಶಾಲೆಗೆ ಒಯ್ಯುತ್ತಿದ್ದೆ.

ಗೇಟಿನಲ್ಲಿ ಮುಖ್ಯೋಪಾಧ್ಯಾಯರು ದೂರದಿಂದಲೇ ಕೂಗುತ್ತಿದ್ದರು: “ಉನೈಸಿ, ಅಲ್ಲೇ ಇಡಮ್ಮಾ. ಉಗ್ರಾಣದ ಕಿಟಕಿಯಿಂದ ಒಳಗೆ ಹಾಕಿಡ್ತೀನಿ. ಕಚೇರಿಯವ್ರು ಬಂದು ತಗೊಂಡು ಹೋಗ್ತಾರೆ.” ಅವರನ್ನು ನಾನು ದೂರುವುದಿಲ್ಲ. ಅವರೂ ನಿಮ್ಮನ್ನು ನಂಬಿದ್ದರು.

ಈಗ ನಮ್ಮ ತಪ್ಪನ್ನೂ ಹೇಳುತ್ತೇನೆ. ಕುಳಿತ ಹಿರಿಯರ ಮುಂದೆ ಹಾಯುವಾಗ ನಮ್ಮ ಮಕ್ಕಳು ಬೆನ್ನು ಬಗ್ಗಿಸಿ, ಮೆಲ್ಲಗೆ ‘ತುಲೋ’ ಎಂದು ಕ್ಷಮೆ ಕೇಳಿ ನಡೆಯಬೇಕು. ಎಂಟು ವರ್ಷದ ನನ್ನ ಸಲಾ ಅದನ್ನು ಮರೆತು ಕುದುರೆಯಂತೆ ಓಡಿ ದಿನಾ ಬೈಸಿಕೊಳ್ಳುತ್ತಿದ್ದಳು. ಶಾಲೆ ಮುಚ್ಚಿದ ಎರಡನೇ ತಿಂಗಳಿಗೆ ಓಟ ನಿಂತಿತು. ಬಗ್ಗಿ ನಡೆಯತೊಡಗಿದಳು. ಕೇಳಿದ್ದಕ್ಕಷ್ಟೇ ಉತ್ತರ, ಅದೂ ನೆಲ ನೋಡಿಕೊಂಡು.

“ನೋಡ್ರೇ, ಎಂಥಾ ಮರ್ಯಾದೆ ಕಲ್ತಳು ನನ್ ಮೊಮ್ಮಗಳು! ನಿಮ್ಮವೂ ಇದಾವೆ, ಮೊಟ್ಟೆ ಇಟ್ಟ ಕೋಳಿ ಹಂಗೆ ಕಿರಚ್ಕೊಂಡು,” ಎಂದು ನನ್ನ ಅತ್ತೆ ಬೇಲಿಯಾಚೆಯ ಹೆಂಗಸರನ್ನು ಹಂಗಿಸುತ್ತಿದ್ದರು.

ನನ್ನ ತಮ್ಮ ಸಕಿಯಾಸಿ ಕೀಟಲೆ ಮಾಡುತ್ತಿದ್ದ: “ಏನೇ ಸಲಾ, ನಾಲಿಗೇನ ಏಡಿ ಕಚ್ಕೊಂಡು ಹೋಯ್ತಾ? ಮಾವನ್ ಹತ್ರಾನೂ ಮಾತಿಲ್ವಾ?” ಅವಳು ನಗುತ್ತಿರಲಿಲ್ಲ. ನಾವೇ ನಗುತ್ತಿದ್ದೆವು.

ಒಂದು ಮಧ್ಯಾಹ್ನ ಯಾರೂ ಕುಳಿತಿರದ ಖಾಲಿ ಕೋಣೆಯಲ್ಲಿ ಅವಳು ಬಗ್ಗಿ ನಡೆದುಹೋದುದನ್ನು ಕಂಡೆ. ಮನಸ್ಸಿಗೆ ಏನೋ ಚುಚ್ಚಿತು. ಆದರೂ ಸುಮ್ಮನಾದೆ. ಏಕೆ ಗೊತ್ತೇ? ಓದು ಬಲ್ಲವರು ಅವಳ ಹಾಳೆ ಓದುತ್ತಿದ್ದಾರೆ, ತೊಂದರೆ ಇದ್ದರೆ ಬಂದೇ ಬರುತ್ತಾರೆ ಎಂದುಕೊಂಡೆ. ನಿಮ್ಮ ಮೇಲಿನ ನಂಬಿಕೆಯೇ ನನ್ನ ಕಣ್ಣು ಕಟ್ಟಿತು.

ಇಂದು ಆ ಹನ್ನೊಂದೂ ಗಂಟುಗಳನ್ನು ನಾನೇ ಬಿಚ್ಚಿದೆ. ನಾನು ಹಾಕಿದ ಗಂಟು ನನಗೆ ಗುರುತು ಸಿಗುವುದಿಲ್ಲವೇ? ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಮೊದಲ ಸಲ ನಿಮ್ಮ ಸೂಚನೆ ಮೀರಿ ಶಾಲೆಯ ಮೆಟ್ಟಿಲ ಮೇಲೆ ಕುಳಿತು ಓದಿದೆ.

ಮೂರನೆಯದರಲ್ಲಿ: ‘ಎದ್ದ ತಕ್ಷಣ ಸುಸ್ತಾಗುತ್ತೆ.’

ಆರನೆಯದರಲ್ಲಿ: ‘ಅಜ್ಜಿ ನಾನು ಒಳ್ಳೆಯವಳಾದೆ ಅಂತಾರೆ. ಅಳು ಬಂದರೆ ಹೇಳಬಾರದು, ಮತ್ತೆ ಕೆಟ್ಟವಳಾಗುತ್ತೀನಿ.’

ಒಂಬತ್ತನೆಯದರಲ್ಲಿ: ‘ನೀವು ಯಾವಾಗ ಬರ್ತೀರಿ?’

ಹನ್ನೊಂದನೆಯ ಹಾಳೆ ಖಾಲಿ.

ಕಳೆದ ತಿಂಗಳು ನೀವು ರೇಡಿಯೋದಲ್ಲಿ ಮಕ್ಕಳು ಹೊಸ ಪರಿಸ್ಥಿತಿಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ, ಅವರ ಉತ್ತರಗಳೇ ಇದಕ್ಕೆ ಸಾಕ್ಷಿ ಎಂದಿರಿ. ನಾವೆಲ್ಲ ಗೆಣಸು ಸುಲಿಯುತ್ತ ಕೇಳಿ ತಲೆದೂಗಿದೆವು. ಕಟ್ಟು ಬಿಚ್ಚದೆ ಒಳಗಿನ ಅಕ್ಷರ ಓದುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿತಿರಿ? ಓದಲು ಜನರಿಲ್ಲ ಎಂದು ಒಂದು ಮಾತು ಹೇಳಿದ್ದರೆ ನಾನು ಓದುತ್ತಿದ್ದೆ. ಕೊನೇಪಕ್ಷ ‘ಓದಬೇಡಿ’ ಎನ್ನದೆ ಇದ್ದಿದ್ದರೆ ಸಾಕಿತ್ತು.

ಮನೆಗೆ ಬಂದು ಸಲಾಳ ಪಕ್ಕ ಮಲಗಿದೆ. ಈಗ ಅವಳು ಗೋಡೆಯ ಕಡೆಗೇ ಮುಖ ಮಾಡಿ ಮಲಗುತ್ತಾಳೆ. ಎರಡು ವಾರದಿಂದ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ. “ನೀನು ಬರೆದದ್ದೆಲ್ಲಾ ಓದ್ದೆ ಮಗಳೇ,” ಎಂದೆ.

ಅವಳು ತಿರುಗದೆಯೇ, “ಅವ್ರು ಓದಿದ್ರಾ ಅಮ್ಮಾ?” ಎಂದಳು.

ನಾನು ಎದ್ದು ಈ ಪತ್ರ ಬರೆಯಲು ಕುಳಿತೆ.

ಹಾಳೆಗಳು ನನ್ನ ಬಳಿಯೇ ಇವೆ. ಇನ್ನು ನಿಮಗೆ ಕೊಡುವುದಿಲ್ಲ, ಬೇಕಾದರೆ ಇಲ್ಲಿಗೆ ಬಂದು ಓದಿ. ಕರೆತರುತ್ತೇವೆ ಎಂದಿದ್ದ ಸಲಹೆಗಾರರನ್ನು ಈ ವಾರವೇ ಕಳಿಸಿ. ನಮ್ಮ ಉಗ್ರಾಣದಲ್ಲಿ ಇನ್ನೂ ನಲವತ್ತು ಮಕ್ಕಳ ಕಟ್ಟುಗಳಿವೆ, ಅವರ ಮನೆಗಳಿಗೂ ಸಲಹೆಗಾರರನ್ನು ಕಳಿಸಿ. ರೇಡಿಯೋದಲ್ಲಿ ಹೇಳಿದ್ದು ಸುಳ್ಳು ಎಂದು ಅದೇ ರೇಡಿಯೋದಲ್ಲಿ ಹೇಳಿ. ಒಂಬತ್ತನೆಯ ಹಾಳೆಗೆ ನಿಮ್ಮ ಕೈಯಾರೆ ಉತ್ತರ ಬರೆಯಿರಿ. ನನಗಲ್ಲ, ಅವಳಿಗೆ.

ನಾಳೆ ಎಂಟು ಗಂಟೆಗೆ ಶಾಲೆ ತೆರೆಯುತ್ತದೆ. ಸಲಾನಿಯೆತಾ ಹೋಗುವುದಿಲ್ಲ.

ಇಂತಿ,
ಹೇಳಿದಂತೆ ಕೇಳಿದ ಒಬ್ಬ ತಾಯಿ,
ಉನೈಸಿ