ಆಯುಧಪೂಜೆಯ ಗಂಟು

ನವರಂಗಪುರ, ಅಹಮದಾಬಾದ್
೧೬ ಸೆಪ್ಟೆಂಬರ್ ೨೦೨೫

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ,

ಫೋನ್ ಎತ್ತದಿದ್ದರೂ ನಮಸ್ಕಾರ ಬೇಡವೆನ್ನುವವರಲ್ಲ ನೀವು ಎಂಬ ಧೈರ್ಯದಿಂದ ವಿಂಧ್ಯಾ ನಮಸ್ಕಾರ ಮಾಡುತ್ತಿದ್ದಾಳೆ. ಭಾನುವಾರದಿಂದ ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತನೆಯ ಸಲ ದೊಡ್ಡಮ್ಮ ಎತ್ತಿ, ನೀವು ಸ್ನಾನಕ್ಕೆ ಹೋಗಿದ್ದೀರಿ ಎಂದರು. ಹಿಂದಿನಿಂದ ‘ಸ್ನಾನಕ್ಕೆ ಹೋಗಿದಾರೆ ಅಂತ ಹೇಳು’ ಎನ್ನುವ ನಿಮ್ಮ ದನಿಯೂ ಕೇಳಿಸಿತು. ರೈಲ್ವೆಯಲ್ಲಿ ಮೂವತ್ತಾರು ವರ್ಷ ಕಾಗದದ ಮೇಲೆ ಇದ್ದದ್ದನ್ನು ಮಾತ್ರ ನಂಬಿದವರು ನೀವು. ಅದಕ್ಕೇ ಈ ಕಾಗದ.

ಮುತ್ತಜ್ಜನ ಕಾಗದದ ಗಂಟನ್ನು ಕೂಡಲೇ ನಿಮ್ಮ ಉಧ್ನಾಕ್ಕೆ ಕಳಿಸಬೇಕು, ಬಂದ ದಿನವೇ ತಾಪಿ ನದಿಗೆ ಬಿಡುತ್ತೇನೆ ಎಂದು ಅಪ್ಪನಿಗೆ ಹೇಳಿದಿರಂತೆ. ಅಪ್ಪ ಬ್ಯಾಂಕಿನಿಂದ ಬಂದವರೇ ಬೂಟು ಬಿಚ್ಚದೆ, ‘ನಮ್ಮಣ್ಣ ಹೇಳಿದ್ದನ್ನ ಮಾಡೇ ಮಾಡ್ತಾನೆ, ಸ್ಕೂಟರನ್ನೂ ಹಾಗೇ ಮಾರಿಬಿಟ್ಟ’ ಎಂದರು. ನನಗೆ ಅವತ್ತಿನಿಂದ ಊಟ ರುಚಿಸುತ್ತಿಲ್ಲ. ಕನ್ನಡ ಕೂಟದ ಸಭೆಯಿಂದ ನೀವು ಎದ್ದು ಹೋದ ಮೇಲೆ ಏನಾಯಿತೆಂದು ನಿಮಗೆ ಗೊತ್ತಿಲ್ಲ. ಅದನ್ನು ಕೇಳದೆ ನದಿಗೆ ಬಿಡಬೇಡಿ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಪ್ರತಿ ಆಯುಧಪೂಜೆಗೂ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಪಕ್ಕದಲ್ಲಿ ಮುತ್ತಜ್ಜ ಪಾಂಡುರಂಗರಾಯರ ಕಾಗದದ ಗಂಟನ್ನೂ ಇಟ್ಟು, ಚೆಂಡುಹೂವು ಏರಿಸಿ, ಕುಂಕುಮ ಹಚ್ಚಿ ಕೈಮುಗಿದವರು ನಾವು. ಮೈಸೂರಿನ ಅಶ್ವದಳದ ಸವಾರ ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿನ ಮರಳುಗಾಡಿನಿಂದ ತಾಯಿಗೆ ಬರೆದ ಕಾಗದಗಳು. ‘ಪೂಜೆ ಮಾಡಿ, ಬಿಚ್ಚಬೇಡಿ’ ಎಂದು ಅವರ ಮಗಳಾದ ನಮ್ಮ ಅಜ್ಜಿ ಹೇಳಿಹೋಗಿದ್ದರು. ನಾವು ಬಿಚ್ಚಲೂ ಇಲ್ಲ, ಓದಲೂ ಇಲ್ಲ. ಮನೆಯವರು ಬರೆದ ಕಾಗದವನ್ನು ನೂರು ವರ್ಷ ಓದದೆ ಪೂಜೆ ಮಾಡಿದ ಕುಟುಂಬ ಇನ್ನೊಂದು ಇರಲಾರದು.

ಬಿಚ್ಚಲು ಹೇಳಿದವರು ನೀವೇ. ವಡೋದರಾದ ಕನ್ನಡ ಕೂಟದಲ್ಲಿ ‘ನಮ್ಮ ಮನೆಯ ವೀರರು’ ಕಾರ್ಯಕ್ರಮ ಎಂದಾಗ, ‘ಸಾಹಿತ್ಯ ಓದಿದೀಯಲ್ಲ, ಇದಕ್ಕಾದರೂ ಉಪಯೋಗ ಆಗ್ಲಿ’ ಎಂದು ಗಂಟನ್ನು ನನ್ನ ಕೈಗಿಟ್ಟಿರಿ. ಮನೆಗೆ ನೆಂಟರು ಬಂದರೆ ಅಡುಗೆಮನೆಯಿಂದ ಹೊರಬರದ ಹುಡುಗಿ ನಾನು ಎಂಬುದು ನಿಮಗೆ ಮರೆತಿತ್ತು. ನಾನು ಒಂದು ವಾರ ಮೊದಲೇ ಎಲ್ಲವನ್ನೂ ಓದಿ ಮುಗಿಸಿದ್ದೆ. ಹೇಳಬೇಕೆಂದೇ ಫೋನ್ ಮಾಡಿದೆ. ನೀವು ‘ಬಲಭುಜದ ಮೇಲೆ ತುರ್ಕಿಯವನ ಕತ್ತಿಯ ಗಾಯ’ ಎಂದು ಭಾಷಣವನ್ನು ನನಗೇ ಪೂರ್ತಿ ಒಪ್ಪಿಸಿದಿರಿ. ಚೆನ್ನಾಗಿದೆ ದೊಡ್ಡಪ್ಪ ಎಂದು ಹೇಳಿ ಇಟ್ಟುಬಿಟ್ಟೆ. ಅದು ನನ್ನ ತಪ್ಪು, ಹೇಡಿತನ.

ನೀವು ಭಾಷಣ ಮಾಡಿ ಕೂತ ಮೇಲೆ, ವೇದಿಕೆಯಲ್ಲಿ ನಾನು ಆ ಗಾಯದ ಕಾಗದ ಬಿಟ್ಟು ಬೇರೆಯದನ್ನು ಓದಬಹುದಿತ್ತು. ಆದರೆ ಮೈಕಿನ ಮುಂದೆ ನಿಂತಾಗ ನನಗೆ ಕಾಣುತ್ತಿದ್ದದ್ದು ಅವರ ಅಕ್ಷರ ಮಾತ್ರ. ‘ಅಮ್ಮಾ, ಇಲ್ಲಿ ನನಗೆ ಬಿಸ್ಕತ್ತು, ಕುದುರೆಗೆ ಹುರುಳಿ. ಬಿಸ್ಕತ್ತು ನೆನೆಸಿದರೂ ಕಲ್ಲು. ದಿನಾ ಒಂದು ಹಿಡಿ ಹುರುಳಿ ಕದ್ದು ಸಾರು ಮಾಡಿಕೊಳ್ಳುತ್ತಿದ್ದೆ. ನಿನ್ನೆ ಅವಳಿಗೆ ಗೊತ್ತಾಗಿ ಬಲಭುಜ ಕಚ್ಚಿದಳು. ಐದು ಹೊಲಿಗೆ. ಊರಲ್ಲಿ ಯಾರಾದರೂ ಕೇಳಿದರೆ ಕತ್ತಿಯ ಗಾಯವೆಂದು ಹೇಳತಕ್ಕದ್ದು.’ ಮುತ್ತಜ್ಜನ ತಾಯಿ ಮಗನ ಮಾತನ್ನು ಎಷ್ಟು ಚೆನ್ನಾಗಿ ನಡೆಸಿದ್ದಾರೆ ನೋಡಿ.

ಗಾಡಿಗೆ ಹೊತ್ತಾಯಿತು ಎಂದು ನೀವು ಎದ್ದು ಹೋದದ್ದು ಆಗಲೇ. ಸೂರತ್ತಿನ ಗಾಡಿಗೆ ಇನ್ನೂ ಎರಡು ಗಂಟೆ ಇತ್ತು ಎಂದು ಸಭೆಯಲ್ಲಿದ್ದ ರೈಲ್ವೆಯವರಿಗೆಲ್ಲ ಗೊತ್ತಿತ್ತು.

ಮೊದಲು ನಕ್ಕವರು ಅಧ್ಯಕ್ಷೆ ಕಮಲಾಕ್ಷಿ ಅಮ್ಮ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಕನ್ನಡ ಅರ್ಥವಾಗದ ಮಕ್ಕಳು ಏನು, ಏನು ಎಂದು ಎಳೆದಾಡಿದ್ದಕ್ಕೆ, ಮುಂದಿನ ಸಾಲಿನಲ್ಲಿದ್ದ ನಿಮ್ಮ ಮಗಳು ಮೇದಿನಿ ಅಕ್ಕ ಎದ್ದು ನಿಂತು ಗುಜರಾತಿಯಲ್ಲಿ ಹೇಳಿದಳು. ಕಚ್ಚುವುದನ್ನು ಮಾಡಿಯೂ ತೋರಿಸಿದಳು.

ಆಮೇಲೆ ನಾನು ದಾಳಿಯ ಕಾಗದ ಓದಿದೆ. ನಿಮ್ಮ ಭಾಷಣದಲ್ಲಿ ಎಲ್ಲರಿಗಿಂತ ಮುಂದೆ ಶತ್ರುವಿನ ಊರಿಗೆ ನುಗ್ಗಿದರಲ್ಲ, ಅದು. ‘ನಾನು ಎರಡೂ ಕೈಯಿಂದ ಲಗಾಮು ಹಿಂದಕ್ಕೆ ಎಳೆಯುತ್ತಿದ್ದೆ ಅಮ್ಮಾ. ಎರಡು ದಿನದಿಂದ ನೀರಿಲ್ಲ, ಆ ಊರಿನ ಬಾವಿಯ ವಾಸನೆ ಅವಳಿಗೆ ಸಿಕ್ಕಿತ್ತು. ಗುಂಡು ಹಾರುತ್ತಿತ್ತು. ಅವಳು ನಿಲ್ಲಲಿಲ್ಲ. ನಾನು ಕಣ್ಣು ಮುಚ್ಚಿ ಅವಳ ಕುತ್ತಿಗೆಯ ಕೇಸರ ಹಿಡಿದುಕೊಂಡೆ. ಕಣ್ಣು ಬಿಟ್ಟಾಗ ಬಾವಿಕಟ್ಟೆಯಲ್ಲಿದ್ದೆವು. ಒಂದೇ ತೊಟ್ಟಿಯಲ್ಲಿ ಇಬ್ಬರೂ ಕುಡಿದೆವು. ಸಾಹೇಬರು ಬಂದು ನನ್ನ ಬೆನ್ನು ತಟ್ಟಿದರು. ಅವಳ ಬೆನ್ನನ್ನು ನಾನು ತಟ್ಟಿದೆ.’

ಈ ಸಲ ಯಾರೂ ನಗಲಿಲ್ಲ. ಕಮಲಾಕ್ಷಿ ಅಮ್ಮ ಮೈಕು ತೆಗೆದುಕೊಂಡು, ‘ಅಷ್ಟು ಹೆದರಿಕೊಂಡೂ ಬೀಳಲಿಲ್ವಲ್ಲ ಆ ಹುಡುಗ!’ ಎಂದರು. ಇಪ್ಪತ್ತು ವರ್ಷದ ಹುಡುಗ, ದೊಡ್ಡಪ್ಪ. ನನಗಿಂತ ಮೂರು ವರ್ಷ ಚಿಕ್ಕವರು. ಫೋಟೋದಲ್ಲಿ ಮೀಸೆ ಇದ್ದದ್ದರಿಂದ ನಾವು ಅವರನ್ನು ಮೊದಲಿನಿಂದಲೂ ಮುತ್ತಜ್ಜ ಎಂದೇ ತಿಳಿದಿದ್ದೆವು. ಸಭೆ ಮುಗಿದ ಮೇಲೆ ಬಿಸಿಬೇಳೆಬಾತಿನ ಸಾಲಿನಲ್ಲಿ ಹನ್ನೆರಡು ಜನ ಬಂದು ಅವರ ಬಗ್ಗೆ ಕೇಳಿದರು. ನಿಮ್ಮ ವೀರರ ಬಗ್ಗೆ ಮೂವತ್ತು ವರ್ಷದಲ್ಲಿ ಎಷ್ಟು ಜನ ಹೀಗೆ ತಟ್ಟೆ ಹಿಡಿದು ಬಂದು ಕೇಳಿದ್ದಾರೆ? ತಲೆಹರಟೆ ಎನ್ನಬೇಡಿ. ಎದುರಿಗಿದ್ದರೆ ನಾನು ಇದನ್ನು ಕೇಳುತ್ತಿರಲಿಲ್ಲ ಎಂದು ನಿಮಗೂ ಗೊತ್ತು.

ನಾನು ಓದುವಾಗ ಹತ್ತಾರು ಸಲ ಕೆಮ್ಮಿದೆನೆಂದು ದೊಡ್ಡಮ್ಮ ಕಷಾಯ ಮಾಡಿಕೋ ಎಂದರು. ನನಗೆ ಕೆಮ್ಮಿಲ್ಲ ಎಂದು ಅವರಿಗೆ ತಿಳಿಸಿ. ಕುದುರೆಯ ಹೆಸರು ಬಂದಲ್ಲೆಲ್ಲ ಕೆಮ್ಮಿ ‘ಅವಳು’ ಎಂದು ಓದಿದೆ. ‘ಕುದುರೆ ಹೆಸರೇನೇ, ವಿಂಧ್ಯಾ?’ ಎಂದು ಮೇದಿನಿ ಅಕ್ಕನೇ ಕೂಗಿ ಕೇಳಿದಳು. ಆಗ ಬಂದ ಕೆಮ್ಮು ಮಾತ್ರ ನಿಜವಾದದ್ದು.

ಗಂಟನ್ನು ಈಗ ಕಳಿಸುತ್ತಿಲ್ಲ, ಕ್ಷಮಿಸಿ. ಆಯುಧಪೂಜೆಗೆ ಇನ್ನು ಹದಿನೈದು ದಿನ. ನಾನೇ ತರುತ್ತೇನೆ. ಮಿಕ್ಸಿಯ ಪಕ್ಕದಲ್ಲೇ ಇಡೋಣ, ಕುಂಕುಮ ಮಾತ್ರ ಬಟ್ಟೆಯ ಮೇಲಿರಲಿ. ಎರಡು ಕಾಗದಗಳ ತಾರೀಖು ನಮ್ಮ ಭಕ್ತಿಯಲ್ಲಿ ಅಳಿಸಿಹೋಗಿದೆ. ಗಂಟಿನ ಬದಲು ಕೊನೆಯ ಕಾಗದ ಒಂದನ್ನೇ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಸಭೆಯಲ್ಲಿ ಓದಲಿಲ್ಲ. ಕನ್ನಡಕ ಹಾಕಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಓದಿ.

ನಿಮ್ಮ ಕೋಪಕ್ಕೆ ಹೆದರಿಯೂ ಬೀಳದಿರಲು ನೋಡುತ್ತಿರುವ
ವಿಂಧ್ಯಾ

ವಿ.ಸೂ.: ಅಕ್ಷರ ಮಾಸಿದೆ, ಅದಕ್ಕೆ ಆ ಭಾಗ ಇಲ್ಲಿ ಬರೆಯುತ್ತೇನೆ: ‘ಲಡಾಯಿ ಮುಗಿಯಿತು. ಹಡಗಿನಲ್ಲಿ ಮನುಷ್ಯರಿಗೆ ಮಾತ್ರ ಜಾಗವಂತೆ. ಅವಳನ್ನು ಇಲ್ಲೇ ಬಿಟ್ಟು ಬರಬೇಕು. ಮುಂದೆ ನನಗೆ ಹೆಣ್ಣುಮಗುವಾದರೆ ಅವಳ ಹೆಸರನ್ನೇ, ಮೇದಿನಿ ಎಂದೇ ಇಡುತ್ತೇನೆ, ಯಾರೂ ಬೇಡವೆನ್ನಕೂಡದು.’ ಅಜ್ಜಿ ಗಂಟು ಬಿಚ್ಚಬೇಡಿ ಎಂದದ್ದು ಏಕೆಂದು ಈಗ ತಿಳಿಯಿತು. ಅಜ್ಜಿಯ ಹೆಸರನ್ನೇ ನಿಮ್ಮ ಮಗಳಿಗೂ ಇಟ್ಟಿದ್ದೀರಿ. ಇಷ್ಟಾದ ಮೇಲೂ ತಾಪಿಗೆ ಬಿಡುವುದೇ ಆದರೆ ಮೇದಿನಿ ಅಕ್ಕನನ್ನು ಒಂದು ಮಾತು ಕೇಳಿ. ಭುಜ ಜೋಪಾನ.