ವೈದ್ಯನ ತೊದಲು

ಪ್ರೀತಿಯ ಹೇಮಣ್ಣನಿಗೆ,

ನೀನು ಫೋನ್ ತೆಗೆಯುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಬಂಟ್ವಾಳದಲ್ಲಿ ನಮ್ಮ ತಂಡ ಆ ಹಳೆಯ ಸಂಸ್ಕೃತ ಪ್ರಹಸನ ಆಡಿದ ದಿನ ನೀನು ಬರುತ್ತಿ ಎಂದು ನನಗೆ ಗೊತ್ತಿರಲಿಲ್ಲ. ಸುಳ್ಳು ವೈದ್ಯನ ಪಾತ್ರಕ್ಕೆ ನಾನು ಹಾಕಿದ ತೊದಲು ನಿನ್ನದೇ, ಕೇಳದೆ ತೆಗೆದುಕೊಂಡದ್ದು. ಜನ ಹೊಟ್ಟೆ ಹಿಡಿದು ನಗುವಾಗ ನೀನು ಎದ್ದು ಹೋದದ್ದು ರಂಗದಿಂದಲೇ ಕಂಡಿತು. ಆದರೂ ಕೊನೆಯವರೆಗೆ ತೊದಲಿದೆ.

ನಿನ್ನೆ ಬೆಳ್ತಂಗಡಿಯಲ್ಲಿ ತೊದಲದೆ ಆಡಿದೆ. “ಅರ್ಧ ನಗು ಹೋಯ್ತಲ್ಲ ಮಾರಾಯ,” ಎಂದರು ನಿರ್ದೇಶಕರು. “ಹೋಗಲಿ ಸರ್,” ಎಂದೆ.

ಶನಿವಾರ ವಿಟ್ಲಕ್ಕೆ, ನಿನ್ನ ಮನೆಗೆ ಬರುತ್ತೇನೆ. ಬೈಯುವುದಿದ್ದರೆ ಬೈದುಬಿಡು. ಎಷ್ಟು ಹೊತ್ತಾದರೂ ಆಗಲಿ, ಈ ಸಲ ನಿನ್ನ ಮಾತನ್ನು ನಡುವೆ ನಾನು ಮುಗಿಸಿಕೊಡುವುದಿಲ್ಲ.

ನಿನ್ನ ತಮ್ಮ,
ಜಯೇಶ್